ಕೃಷ್ಣೆಯ ಆ ದಂಡೆಗೆ ಹತ್ತು ಪರ್ಸೆಂಟ್

ಪ್ರಿಯ ಮಾಸ್ತರೆ,

ನಿಮ್ಮ ಪತ್ರ ಮೊನ್ನೆ ಕೈಸೇರಿತು. ತೆಲಂಗಾಣದ ನಿಮ್ಮ ಮಕ್ತಲ್ ಕಡೆ ಈ ಸಲ ತೊಗರಿ ಹುಲುಸಾಗಿದೆ ಎಂದು ಓದಿ ಸಮಾಧಾನವಾಯಿತು. ಕೊನೆಯಲ್ಲಿ ನೀವು ಅಳಿಯಂದಿರ ಮಾತು ಎತ್ತಿದ್ದೀರಿ: "ಅಮೆರಿಕದಾಗ ಸರ್ಕಾರ ಊರು ನೋಡಿ ಡಾಕ್ಟರಿಗೆ ರೊಕ್ಕ ಕೊಡತದಂತ. ನಮ್ಮ ಕಡಿ ಹೆಂಗ್ರಿ?" ಒಂದು ಸಾಲಿನಲ್ಲಿ ಉತ್ತರಿಸುವ ಪ್ರಶ್ನೆಯಲ್ಲ ಇದು. ಅದಕ್ಕೇ ಈ ಉದ್ದನೆಯ ಕಾಗದ.

ಅಳಿಯಂದಿರು ಹೇಳಿದ್ದು ನಿಜ. 65 ದಾಟಿದವರಿಗೆ ಅಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. 1992ರಿಂದ ಅದು ಡಾಕ್ಟರರಿಗೆ ಹಣ ಕೊಡುವುದು ಅಂಕದ ಲೆಕ್ಕದಲ್ಲಿ. ಒಂದೊಂದು ಚಿಕಿತ್ಸೆಗೂ ಇಷ್ಟು ಅಂಕ ಎಂದು ಗೊತ್ತುಮಾಡಿ, ಆ ಅಂಕವನ್ನು ಮೂರು ಪಾಲು ಮಾಡುತ್ತಾರೆ. ಡಾಕ್ಟರರ ದುಡಿಮೆ ಒಂದು, ದವಾಖಾನೆ ನಡೆಸುವ ಖರ್ಚು ಇನ್ನೊಂದು, ರೋಗಿ ಕೋರ್ಟಿಗೆ ಹೋದರೆ ಇರಲಿ ಎಂದು ಕಟ್ಟುವ ವಿಮೆಯ ಕಂತು ಮೂರನೆಯದು. ಮೂರಕ್ಕೂ ಆಯಾ ಪ್ರದೇಶದ ಸೂಚ್ಯಂಕ ಬೇರೆ ಬೇರೆ. ದೇಶದ ಸರಾಸರಿ 1 ಎಂದಿಟ್ಟುಕೊಂಡು, ದುಬಾರಿ ಊರಿಗೆ ಅದಕ್ಕಿಂತ ಮೇಲೆ, ಅಗ್ಗದ ಊರಿಗೆ ಕೆಳಗೆ. ಮೂರು ವರ್ಷಕ್ಕೊಮ್ಮೆಯಾದರೂ ಇದನ್ನು ತಿರುಗಿ ನೋಡಬೇಕು ಎಂಬುದು ಅಲ್ಲಿಯ ಕಾನೂನು.

ಅಳೆಯುವ ಬಗೆ ಮಾತ್ರ ಸ್ವಾರಸ್ಯವಾಗಿದೆ. ಊರೂರಿನ ಕ್ಲಿನಿಕ್ಕುಗಳ ಬಾಡಿಗೆ ಎಷ್ಟೆಂಬ ಸರಿಯಾದ ಲೆಕ್ಕ ಅವರ ಬಳಿ ಇಲ್ಲ. ಹಾಗಾಗಿ ಜನ ವಾಸ ಮಾಡುವ ಮನೆಗಳ ಬಾಡಿಗೆಯನ್ನೇ ತೆಗೆದುಕೊಂಡು, ಕ್ಲಿನಿಕ್ಕಿನ ಬಾಡಿಗೆಯೂ ಇದೇ ಪ್ರಮಾಣದಲ್ಲಿ ಏರಿಳಿಯುತ್ತದೆ ಎಂದು ಹಿಡಿಯುತ್ತಾರೆ. ಯಂತ್ರಕ್ಕೂ ಸಾಮಗ್ರಿಗೂ ದೇಶದ ತುಂಬ ಒಂದೇ ಬೆಲೆ ಎಂದು ಬಿಟ್ಟುಬಿಡುತ್ತಾರೆ. ದುಡಿಮೆಯ ಪಾಲಿನಲ್ಲಂತೂ ಊರಿಂದೂರಿಗೆ ಇರುವ ವ್ಯತ್ಯಾಸದ ಕಾಲುಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದು ಕಾನೂನೇ ಹೇಳುತ್ತದೆ. ಅಲಾಸ್ಕಾಕ್ಕೆ ದುಡಿಮೆಯ ಸೂಚ್ಯಂಕ ಒಂದೂವರೆ. ಅದು ಅಳೆದು ಬಂದ ಸಂಖ್ಯೆಯಲ್ಲ, ಸಂಸತ್ತು ಬರೆದುಕೊಟ್ಟದ್ದು. ಬಹಳಷ್ಟು ರಾಜ್ಯಗಳಿಗೆ ಪೇಟೆಗೂ ಹಳ್ಳಿಗೂ ಸೇರಿಸಿ ಇಡೀ ರಾಜ್ಯಕ್ಕೆ ಒಂದೇ ಸೂಚ್ಯಂಕ. ಈ ಸರಾಸರಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಇಷ್ಟು ಕುಸುರಿ ಇಲ್ಲ. ಸರ್ಕಾರದ ದುಡ್ಡು ಪ್ಯಾಕೇಜ್ ಲೆಕ್ಕದಲ್ಲಿ ದವಾಖಾನೆಗೆ ಹೋಗುತ್ತದೆ, ಅದರಲ್ಲಿ ಡಾಕ್ಟರಿಗೆ ಎಷ್ಟು ಎಂಬುದು ಅವರವರ ಒಪ್ಪಂದ. ಆದರೆ ಊರು ಅಳೆಯುವ ಕೋಲು ನಮ್ಮಲ್ಲೂ ಇದೆ. ಕೇಂದ್ರ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ 2025ರ ಅಕ್ಟೋಬರ್ 13ರಿಂದ ಹೊಸ ದರ ತಂದಿತು. ಅದರ ಪ್ರಕಾರ ಹೈದರಾಬಾದು, ಬೆಂಗಳೂರಿನಂಥ ಮೊದಲ ದರ್ಜೆಯ ಊರಿಗೆ ಪೂರ್ತಿ ದರ, ವರಂಗಲ್, ಕಲಬುರಗಿಯಂಥ ಎರಡನೆಯ ದರ್ಜೆಗೆ ಹತ್ತು ಪರ್ಸೆಂಟ್ ಕಡಿಮೆ, ಉಳಿದ ಊರುಗಳಿಗೆ ಇಪ್ಪತ್ತು ಪರ್ಸೆಂಟ್ ಕಡಿಮೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ 'ಉಳಿದ' ಗುಂಪಿನವು. ಆಯುಷ್ಮಾನ್ ಭಾರತದ ದರಪಟ್ಟಿಯೂ 2022ರಲ್ಲಿ ಮೊದಲ ಸಲ ಊರಿನ ದರ್ಜೆ ನೋಡಿ ಬೆಲೆ ಕಟ್ಟಿತು. ಸರ್ಕಾರಿ ಡಾಕ್ಟರರ ಸಂಬಳವೂ ಇದೇ ದಾರಿಯಲ್ಲಿದೆ. ತೆಲಂಗಾಣದ 2021ರ ವೇತನ ಪರಿಷ್ಕರಣೆಯಲ್ಲಿ ಮನೆ ಬಾಡಿಗೆ ಭತ್ಯೆ ಹೈದರಾಬಾದಿನಲ್ಲಿ 24 ಪರ್ಸೆಂಟ್, ಹಳ್ಳಿಗಾಡಿನಲ್ಲಿ 11.

ಬಾಡಿಗೆ ಕಡಿಮೆ ಇದ್ದಲ್ಲಿ ಭತ್ಯೆ ಕಡಿಮೆ, ತಪ್ಪೇನು ಎಂದು ನೀವು ಕೇಳಬಹುದು. ಬಾಡಿಗೆಯ ಮಟ್ಟಿಗೆ ತಪ್ಪೇನೂ ಇಲ್ಲ. ಆದರೆ ನಿಮ್ಮ ಭಾಗದ ಒಂದು ಸಣ್ಣ ನರ್ಸಿಂಗ್ ಹೋಮಿನ ರಾತ್ರಿಯನ್ನು ನೋಡಿ. ಹೆರಿಗೆ ಕಷ್ಟವಾಗಿದೆ, ಸಿಜೇರಿಯನ್ ಮಾಡಲೇಬೇಕು. ಹೆರಿಗೆ ಡಾಕ್ಟರು ಊರಲ್ಲೇ ಇದ್ದಾರೆ, ಅರಿವಳಿಕೆ ಕೊಡುವವರು ಇಲ್ಲ. ಅವರು ಗದ್ವಾಲಕ್ಕೆ ಬರಬೇಕಾದರೆ ಕರ್ನೂಲಿನಿಂದಲೋ ರಾಯಚೂರಿನಿಂದಲೋ ಕಾರು ಮಾಡಿಕೊಂಡು ಬರಬೇಕು, ನಾರಾಯಣಪೇಟೆಗಾದರೆ ಮಹಬೂಬನಗರದಿಂದ. ಕಾರಿನ ದುಡ್ಡು, ರಾತ್ರಿಯ ದುಡ್ಡು, ಬೆಳಗಿನ ಓಪಿಡಿ ತಪ್ಪಿದ್ದರ ದುಡ್ಡು ಎಲ್ಲ ಸೇರಿ ಅವರ ಫೀಜು. ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಅದೇ ಕೆಲಸದವರು ಸಂಬಳದ ಮೇಲೆ ಮಹಡಿಯಲ್ಲೇ ಇರುತ್ತಾರೆ. ಬಾಡಿಗೆ ಅಳೆಯುವ ಕೋಲಿಗೆ ಗದ್ವಾಲ ಅಗ್ಗದ ಊರು. ಆ ರಾತ್ರಿಯ ಲೆಕ್ಕ ಬರೆದಿಟ್ಟ ಮ್ಯಾನೇಜರನನ್ನು ಕೇಳಿದರೆ ದುಬಾರಿ ಊರು.

ಇದು ಸರ್ಕಾರಕ್ಕೆ ಗೊತ್ತಿಲ್ಲವೆಂದಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ತಜ್ಞ ಡಾಕ್ಟರರಿಗೆ 'ನೀವೇ ದರ ಹೇಳಿ, ನಾವು ಕೊಡುತ್ತೇವೆ' ಎನ್ನುವ ನೇಮಕಾತಿಯೇ ಇದೆ. ಯಾರೂ ಬಾರದ ಊರಿಗೆ ಬರಲು ಎಷ್ಟು ಬೇಕೆಂದು ಡಾಕ್ಟರರನ್ನೇ ಕೇಳುವುದು. ನನ್ನ ಮಟ್ಟಿಗೆ ದೂರದ ಊರಿನ ಖರ್ಚನ್ನು ಎದುರಿಗೆ ನಿಂತು ಅಳೆದ ಕೋಲು ಇದೊಂದೇ.

ಇನ್ನು ನಿಮ್ಮ ಹೊಳೆಯ ವಿಷಯ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿ ಮಾಡಿತು. ಹಿಂದುಳಿದವು ಎನ್ನಲು ಮುಜುಗರ, ಅದಕ್ಕೇ ಈ ಹೆಸರು. ಕರ್ನಾಟಕದಿಂದ ರಾಯಚೂರು, ಯಾದಗಿರಿ ಅದರಲ್ಲಿ ಬಂದವು. ಆಯುಷ್ಮಾನ್ ಭಾರತದ ರಾಷ್ಟ್ರೀಯ ನಿಯಮದಲ್ಲಿ ಇಂಥ ಜಿಲ್ಲೆಗಳ ದವಾಖಾನೆಗೆ ಪ್ಯಾಕೇಜಿನ ಮೇಲೆ ಹತ್ತು ಪರ್ಸೆಂಟ್ ಹೆಚ್ಚು. ಕೋಲು ತಿರುವುಮುರುವಾಯಿತು ನೋಡಿ: ಸಿಜಿಎಚ್‌ಎಸ್‌ನಲ್ಲಿ ಊರು ಸಣ್ಣದೆಂದು ಕಡಿತ, ಇಲ್ಲಿ ಜಿಲ್ಲೆ ಹಿಂದುಳಿದದ್ದೆಂದು ಹೆಚ್ಚಳ. ಆದರೆ ರಾಯಚೂರಿನಿಂದ ಕೃಷ್ಣೆ ದಾಟಿ ನಿಮ್ಮ ದಂಡೆಗೆ ಅದು ಬರಲಿಲ್ಲ. ಪಟ್ಟಿ ಬಂದಾಗ ನಾರಾಯಣಪೇಟೆ ಜಿಲ್ಲೆಯೇ ಆಗಿರಲಿಲ್ಲ. ಅದು ಮಹಬೂಬನಗರದಿಂದ ಬೇರೆಯಾದದ್ದು 2019ರ ಫೆಬ್ರುವರಿ 17ರಂದು. ಅಲ್ಲಿಯವರೆಗೆ ನಿಮ್ಮೂರಿನ ಕಷ್ಟ ಮಹಬೂಬನಗರದ ಸರಾಸರಿಯಲ್ಲಿ ಮುಳುಗಿತ್ತು. ಗದ್ವಾಲ 2016ರಲ್ಲೇ ಜಿಲ್ಲೆಯಾಗಿತ್ತು, ಅದಕ್ಕೂ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಲ್ಲೇ ಉಳಿದಿದ್ದರೆ ಹತ್ತು ಪರ್ಸೆಂಟಿನ ಪಟ್ಟಿಯಲ್ಲಿರುತ್ತಿದ್ದವೋ ಏನೋ! 2023ರಲ್ಲಿ ಜಿಲ್ಲೆಗಳ ಬದಲು ಬ್ಲಾಕುಗಳ ಇಂಥದೇ ಇನ್ನೊಂದು ಪಟ್ಟಿ ಬಂತು. ನಾರಾಯಣಪೇಟೆ ಜಿಲ್ಲೆಯ ನರ್ವ, ಗದ್ವಾಲ ಜಿಲ್ಲೆಯ ಗಟ್ಟು ಅದರಲ್ಲಿವೆ. ಅಂದರೆ ಸಣ್ಣ ಅಳತೆಗೋಲು ಹಿಡಿದಾಗ ನಿಮ್ಮ ಭಾಗದ ಬಡತನ ಕಂಡಿತು.

ದರ ಹೋಗಲಿ, ದುಡ್ಡು ಬರುವ ಹೊತ್ತು ನೋಡಿ. ರಾಜ್ಯ ಸರ್ಕಾರದ ಉಚಿತ ಚಿಕಿತ್ಸೆಯ ಯೋಜನೆ ಆರೋಗ್ಯಶ್ರೀ ಶುರುವಾದದ್ದೇ ನಿಮ್ಮ ಆಗಿನ ಜಿಲ್ಲೆಯಲ್ಲಿ. 2007ರ ಏಪ್ರಿಲ್ 1ರಂದು ಮಹಬೂಬನಗರ, ಅನಂತಪುರ, ಶ್ರೀಕಾಕುಳಂ ಮೂರನ್ನೇ ಮೊದಲ ಪ್ರಯೋಗಕ್ಕೆ ಆರಿಸಿದ್ದರು. 2023ರ ಡಿಸೆಂಬರಿನಲ್ಲಿ ತೆಲಂಗಾಣ ಅದರ ಮಿತಿಯನ್ನು 10 ಲಕ್ಷಕ್ಕೆ ಏರಿಸಿತು, ಮರುವರ್ಷ ಪ್ಯಾಕೇಜ್ ದರಗಳನ್ನೂ ಹೆಚ್ಚಿಸಿತು. ಆಮೇಲೂ 2025ರಲ್ಲಿ, ಬಾಕಿ ಹಣ ಬಂದಿಲ್ಲವೆಂದು ಖಾಸಗಿ ದವಾಖಾನೆಗಳು ಜನವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ ಆರೋಗ್ಯಶ್ರೀ ಸೇವೆ ನಿಲ್ಲಿಸಿದವು. ಆರು ತಿಂಗಳು ಬಾಕಿ ಉಳಿದರೆ ಹೈದರಾಬಾದಿನ ಕಾರ್ಪೊರೇಟ್ ದವಾಖಾನೆ ನಗದು ಕೊಡುವ ರೋಗಿಗಳಿಂದ ಹೇಗೋ ಸಂಭಾಳಿಸುತ್ತದೆ. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನವರು ಬಡ್ಡಿಗೆ ಸಾಲ ತಂದು ನರ್ಸುಗಳ ಪಗಾರ ಕೊಡಬೇಕು. ಆ ಬಡ್ಡಿಯೂ ಊರಿಂದೂರಿಗೆ ಬದಲಾಗುವ ಖರ್ಚೇ. ಅದಕ್ಕೆ ಅಮೆರಿಕದಲ್ಲೂ ಸೂಚ್ಯಂಕವಿಲ್ಲ, ನಮ್ಮಲ್ಲೂ ಇಲ್ಲ.

ನಾರಾಯಣಪೇಟೆಗೂ ಗದ್ವಾಲಕ್ಕೂ 2024ರಲ್ಲಿ ತಲಾ 50 ಸೀಟಿನ ಸರ್ಕಾರಿ ಮೆಡಿಕಲ್ ಕಾಲೇಜುಗಳು ಬಂದಿವೆ. ಅಲ್ಲಿಯ ಪ್ರೊಫೆಸರುಗಳು ಊರಲ್ಲೇ ಮನೆ ಮಾಡಿದರೆ ಅರಿವಳಿಕೆಯ ಡಾಕ್ಟರಿಗಾಗಿ ಕರ್ನೂಲಿಗೆ ಫೋನು ಮಾಡುವುದು ತಪ್ಪೀತು. ಸಣ್ಣ ಊರಿನ ಬಾಡಿಗೆ ಭತ್ಯೆಗೆ ಅವರು ಮನೆ ಮಾಡುತ್ತಾರೆಯೇ, ವಾರಕ್ಕೆರಡು ದಿನ ಹೈದರಾಬಾದಿನಿಂದ ಬಂದು ಹೋಗುತ್ತಾರೆಯೇ ಎಂಬುದನ್ನು ನೀವೇ ನೋಡಿ ಬರೆಯಿರಿ.

ಪಕ್ಕದ ಮನೆಯವರನ್ನು ಚಿಕಿತ್ಸೆಗೆ ರಾಯಚೂರಿಗೆ ಕರೆದೊಯ್ಯುವ ಯೋಚನೆ ಇದೆ ಎಂದಿದ್ದೀರಿ. ಹೊರಡುವ ಮೊದಲು ಅವರ ಬಳಿ ಇರುವುದು ಆಯುಷ್ಮಾನ್ ಕಾರ್ಡೋ, ಬರಿಯ ಆರೋಗ್ಯಶ್ರೀಯ ರೇಷನ್ ಕಾರ್ಡೋ ನೋಡಿಕೊಳ್ಳಿ. ರಾಜ್ಯ ದಾಟಿ ನಡೆಯುವುದು ಆಯುಷ್ಮಾನ್ ಕಾರ್ಡು. 14555ಕ್ಕೆ ಫೋನ್ ಮಾಡಿ, ಯಾವ ದವಾಖಾನೆ ಪಟ್ಟಿಯಲ್ಲಿದೆ ಎಂದು ಕೇಳಿಕೊಂಡೇ ರೈಲು ಹತ್ತಿ.

ನಿಮ್ಮ ವಿಶ್ವಾಸದ ಗೆಳೆಯ