ಹಿಂದಿರುಗುವ ವಿದ್ಯೆ

ದಿಗ್ಭ್ರಮೆ ಎಂಬ ಮಾತನ್ನು ನಾವು ಬಳಸಿ ಬಳಸಿ ಸವೆಸಿದ್ದೇವೆ. ಗಣ್ಯರೊಬ್ಬರು ತೀರಿಕೊಂಡರೆ ಇನ್ನೊಬ್ಬ ಗಣ್ಯರಿಗೆ ದಿಗ್ಭ್ರಮೆಯಾಗುತ್ತದೆ. ಈರುಳ್ಳಿಯ ಬೆಲೆ ಏರಿದರೆ ಗೃಹಿಣಿಯರಿಗೆ ದಿಗ್ಭ್ರಮೆಯಾಗುತ್ತದೆ. ಪದವನ್ನು ಬಿಡಿಸಿ ನೋಡಿದರೆ ಅರ್ಥ ಸರಳವಾದದ್ದು: ದಿಕ್ಕಿನ ವಿಷಯದಲ್ಲಿ ಭ್ರಮೆ. ಮೂಡಲು ಯಾವುದು, ಪಡುವಲು ಯಾವುದು ಎಂದು ತಿಳಿಯದಿರುವುದು. ನೆಲದ ಮೇಲೆ ನಡೆಯುವ ನಮಗೆ ಇದು ಅಂಥ ದೊಡ್ಡ ಸಂಕಟವಲ್ಲ. ದಾರಿ ತಪ್ಪಿದವನು ಅರಳಿಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರಾಯಿತು. ನಮಗೆ ತಪ್ಪುವುದು ನಾಲ್ಕು ದಿಕ್ಕು ಮಾತ್ರ. ಮೇಲು ಕೆಳಗು ತಪ್ಪುವುದಿಲ್ಲ. ಅವೆರಡೂ ತಪ್ಪಿಹೋಗುವ ಒಂದು ಜಾಗವಿದೆ. ಅದು ಮೋಡದೊಳಗೆ ಸಿಕ್ಕಿಕೊಂಡ ಸಣ್ಣ ವಿಮಾನ.

ನಾನು ವಿಮಾನ ನಡೆಸಿದವನಲ್ಲ. ನಡೆಸುವ ವಯಸ್ಸೂ ದಾಟಿತು. ಆದರೆ ನನ್ನ ತಂಗಿಯ ಮಗಳು ಆ ವಿದ್ಯೆಯನ್ನು ಕಲಿಯುತ್ತಿದ್ದಾಳೆ. ಕಣ್ಣಿಗೆ ಕಾಣುವ ನೆಲವನ್ನು ಗುರುತು ಹಿಡಿದು ಹಾರುವುದು ಆ ಕಲಿಕೆಯ ಮೊದಲ ಘಟ್ಟ. ಮೈಸೂರಿನ ಮಂಡಕಳ್ಳಿಯಿಂದ ಏರಿ ಬಡಗಲಾಗಿ ಹೊರಟರೆ ಗುರುತುಗಳಿಗೇನೂ ಬರವಿಲ್ಲ ಎನ್ನುತ್ತಾಳೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡಿಕೊಳ್ಳುವ ಶ್ರೀರಂಗಪಟ್ಟಣದ ದ್ವೀಪವನ್ನು ಕುರುಡನೂ ತಪ್ಪಿಸಲಾರ. ಎಡಕ್ಕೆ ಕನ್ನಂಬಾಡಿ ಕಟ್ಟೆಯ ಹಿಂದೆ ನೀರಿನ ಹಾಳೆ. ಮುಂದೆ ಪಾಂಡವಪುರ, ಅದರ ಮಗ್ಗುಲಲ್ಲಿ ಕುಂತಿಬೆಟ್ಟದ ಬಂಡೆಗಳು, ಕನ್ನಡಿಯ ಚೂರಿನಂತೆ ತೊಣ್ಣೂರು ಕೆರೆ. ಆಮೇಲೆ ಮೇಲುಕೋಟೆಯ ಬೆಟ್ಟ, ಅದರಾಚೆ ನಾಗಮಂಗಲದ ಬಯಲು, ದೂರದಲ್ಲಿ ಚುಂಚನಗಿರಿ. ಪಡುವಲಿಗೆ ತಿರುಗಿದರೆ ಹೇಮಾವತಿ ಹರಿಯುವ ಕೃಷ್ಣರಾಜಪೇಟೆಯ ಸೀಮೆ. ನಾನು ಐವತ್ತು ವರ್ಷ ಬಸ್ಸಿನಲ್ಲಿ ಓಡಾಡಿ ಕಂಡ ಊರುಗಳನ್ನು ಅವಳು ಅರ್ಧ ಗಂಟೆಯಲ್ಲಿ ಒಟ್ಟಿಗೆ ಕಾಣುತ್ತಾಳೆ.

ಒಂದು ಆಷಾಢದಲ್ಲಿ ಅವಳು ಒಬ್ಬಳೇ ಹೊರಟಿದ್ದಳು. ಚುಂಚನಗಿರಿಯವರೆಗೆ ಹೋಗಿ, ಕೃಷ್ಣರಾಜಪೇಟೆಯ ಮೇಲೆ ಹಾದು, ಮಂಡಕಳ್ಳಿಗೆ ಮರಳಬೇಕು. ತೊಣ್ಣೂರು ಕೆರೆ ದಾಟುವ ಹೊತ್ತಿಗೆ ಪಡುವಣದ ಮೋಡ ತಗ್ಗಿ ಬಂದಿತ್ತು. ಮೇಲುಕೋಟೆಯ ನರಸಿಂಹಸ್ವಾಮಿಯ ಗೋಪುರ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ. ಬಲಗಡೆ ಒಂದು ಕಂಡಿಯಲ್ಲಿ ಬಿಸಿಲು ಬಿದ್ದಿತ್ತು. ಅಲ್ಲಿ ನುಸುಳಿದರೆ ನಾಗಮಂಗಲ ಸಿಕ್ಕುವಂತೆ ತೋರುತ್ತಿತ್ತು. ಅವಳು ನುಸುಳಲಿಲ್ಲ. ಗೋಪುರ ಎರಡನೆಯ ಸಲ ಮರೆಯಾದ ಕೂಡಲೇ ವಿಮಾನವನ್ನು ತಿರುಗಿಸಿ, ಬಂದ ದಾರಿಯಲ್ಲೇ ಹಿಂದಿರುಗಿದಳು.

ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿತು. ಕೆಲವು ದಿನಗಳ ಮೇಲೆ ನಾಗಮಂಗಲದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅವಳ ದೊಡ್ಡಪ್ಪ, ಪಾಂಡವಪುರದ ಕಡೆ ಕಬ್ಬು ಬೆಳೆಯುವವರು, ನಾಲ್ಕು ಜನ ಕೇಳುವಂತೆ ಕೇಳಿದರು: “ಏನವ್ವಾ, ಅಷ್ಟೊಂದು ದುಡ್ಡು ಸುರ್ದು ಓದಿಸ್ತಾವ್ರೆ, ನೀನು ಮೋಡ ಕಂಡು ವಾಪಸ್ ಬಂದ್ಬುಟ್ಟೆಯಂತೆ? ನಮ್ಮ ಕಬ್ಬಿನ ಟ್ರ್ಯಾಕ್ಟರೇ ವಾಸಿ, ಮಳೇಲೂ ಓಡ್ತದೆ.” ಪಂಕ್ತಿಯೆಲ್ಲ ನಕ್ಕಿತು.

“ಬಂದ್ಬುಟ್ಟೆ ದೊಡ್ಡಪ್ಪ. ದಾರಿ ಕಾಣದಿದ್ರೆ ಟ್ರ್ಯಾಕ್ಟರನ್ನ ನಿಲ್ಲಿಸ್ಬೋದು. ನಂದನ್ನ ಎಲ್ಲಿ ನಿಲ್ಲಿಸ್ಲಿ?” ಎಂದಳು ಅವಳು. ಮಾತು ಹೋಳಿಗೆಯ ಕಡೆಗೆ ತಿರುಗಿತು. ಆದರೆ ಅವಳ ಮುಖ ಸಣ್ಣದಾಗಿದ್ದುದನ್ನು ನಾನು ಕಂಡೆ. ಇಟ್ಟ ಹೆಜ್ಜೆ ಹಿಂದೆಗೆಯಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟವರು ನಾವೇ. ಹಿಂದೆಗೆಯಲು ಎಷ್ಟು ತಿಳಿವಳಿಕೆ ಬೇಕು ಎಂಬುದನ್ನು ಹೇಳಿಕೊಟ್ಟವರು ನಮ್ಮಲ್ಲಿ ಕಡಮೆ.

ಮರುದಿನ ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲು ಹತ್ತಿದೆವು. ನಡುನೀರಿಗೆ ಬಂದ ಮೇಲೆ ಅಂಬಿಗ ಹರಿಗೋಲನ್ನು ಗಿರಗಿರನೆ ತಿರುಗಿಸಿ ಮಕ್ಕಳನ್ನು ಕಿರಿಚಿಸುವುದುಂಟಷ್ಟೆ. “ಮಾವ, ಕಣ್ಣು ಮುಚ್ಚಿಕೊಳ್ಳಿ. ಏನನಿಸುತ್ತದೆಂದು ಹೇಳುತ್ತಾ ಇರಿ” ಎಂದಳು. ಮುಚ್ಚಿದೆ. ಹರಿಗೋಲು ಎಡಕ್ಕೆ ತಿರುಗುತ್ತಿದ್ದುದು ಮೊದಲು ಚೆನ್ನಾಗಿಯೇ ತಿಳಿಯಿತು. ಸ್ವಲ್ಪ ಹೊತ್ತಿಗೆ ವೇಗ ತಗ್ಗಿದಂತಾಯಿತು, ಆಮೇಲೆ ನಿಂತೇಹೋಯಿತು. “ನಿಂತಿತು” ಎಂದೆ. ಎಲ್ಲರೂ ನಕ್ಕರು, ಅದು ಮೊದಲಿನಂತೆಯೇ ತಿರುಗುತ್ತಿತ್ತಂತೆ. ಅಂಬಿಗ ನಿಜವಾಗಿ ನಿಲ್ಲಿಸಿದಾಗ, ಬಲಕ್ಕೆ ಭರ್ರನೆ ತಿರುಗುತ್ತಿದೆಯೆಂದು ಅಂಚನ್ನು ಹಿಡಿದುಕೊಂಡೆ.

ಇದರ ಕಾರಣ ಕಿವಿಯೊಳಗಿದೆ. ಒಳಗಿವಿಯಲ್ಲಿ ಬಳೆಯ ತುಂಡಿನಂತೆ ಬಾಗಿದ ಮೂರು ಸಣ್ಣ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ಆ ದ್ರವ ಒಂದು ಚಣ ಹಿಂದೆ ಬೀಳುತ್ತದೆ. ಆ ವ್ಯತ್ಯಾಸವೇ ‘ತಿರುಗುತ್ತಿದ್ದೇನೆ’ ಎಂಬ ಅರಿವು. ತಿರುಗಾಟ ಒಂದೇ ಸಮನಾಗಿ ಹತ್ತಿಪ್ಪತ್ತು ಸೆಕೆಂಡು ನಡೆದರೆ ದ್ರವವೂ ಜೊತೆಗೂಡಿಕೊಳ್ಳುತ್ತದೆ, ಅರಿವು ಅಳಿಸಿಹೋಗುತ್ತದೆ. ನಿಂತಾಗ ದ್ರವ ಮಾತ್ರ ಮುಂದೆ ಹರಿದು, ತಿರುಗದ ತಿರುಗಾಟವನ್ನು ತೋರಿಸುತ್ತದೆ. ತೀರ ಮೆಲ್ಲಗೆ ತಿರುಗಿದರಂತೂ ಅದಕ್ಕೆ ಸುಳಿವೇ ಹತ್ತದು. ನೆಲದ ಮೇಲೆ ಈ ತಪ್ಪುಗಳನ್ನೆಲ್ಲ ಕಣ್ಣು ತಿದ್ದುತ್ತದೆ. ಮೋಡದೊಳಗೆ ಕಣ್ಣಿಗೆ ಕಾಣುವುದು ಬರೀ ಬಿಳುಪು.

ಆಗ ನಡೆಯುವುದು ಹೀಗೆ. ವಿಮಾನ ಅತಿ ಮೆಲ್ಲಗೆ ಒಂದು ಮಗ್ಗುಲಿಗೆ ವಾಲುತ್ತದೆ. ಪೈಲಟ್‌ಗೆ ನೇರವಾಗಿದ್ದೇನೆಂದೇ ಅನ್ನಿಸುತ್ತದೆ. ವಾಲಿದ ವಿಮಾನ ತಿರುಗತೊಡಗಿ, ಮೂತಿ ತಗ್ಗಿ, ಎತ್ತರ ಕಳೆದುಕೊಳ್ಳುತ್ತದೆ. ಎತ್ತರ ಇಳಿಯುತ್ತಿದೆಯೆಂದು ಗಾಬರಿಯಾಗಿ ಹಿಡಿಕೆಯನ್ನು ತನ್ನತ್ತ ಎಳೆದರೆ, ವಾಲಿರುವ ವಿಮಾನ ಏರುವುದಿಲ್ಲ. ಸುಳಿ ಇನ್ನಷ್ಟು ಬಿಗಿಯಾಗುತ್ತದೆ. ಯಾರೋ ಹೇಳಿ ನೇರ ಮಾಡಿದರೂ, ಈಗ ಇನ್ನೊಂದು ಮಗ್ಗುಲಿಗೆ ವಾಲಿದೆ ಎಂದು ಮೈ ಸಾರುತ್ತದೆ. ಅದರ ಮಾತು ಕೇಳಿದವನು ಮತ್ತೆ ಹಳೆಯ ಸುಳಿಗೇ ಇಳಿಯುತ್ತಾನೆ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದವರು ಇದನ್ನು ಪರೀಕ್ಷಿಸಿ ನೋಡಿದರು. ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಯನ್ನು ವಿಮಾನದಲ್ಲಿ ಕೂರಿಸಿ, ಪಕ್ಕದಲ್ಲಿ ಶಿಕ್ಷಕನನ್ನಿಟ್ಟು, ಹೊರಗಣ ನೋಟವನ್ನು ಮರೆಮಾಡಿದರು. 20 ಮಂದಿಯೂ ಹತೋಟಿ ಕಳೆದುಕೊಂಡರು. ಒಬ್ಬನಿಗೆ 20 ಸೆಕೆಂಡು ಸಾಕಾಯಿತು. ಗಟ್ಟಿಗನೊಬ್ಬ 8 ನಿಮಿಷ ತಾಳಿದ. ಸರಾಸರಿ 178 ಸೆಕೆಂಡು, ಅಂದರೆ ಒಂದು ಲೋಟ ಬಿಸಿ ಕಾಫಿಯನ್ನು ಆರಿಸಿ ಕುಡಿಯುವಷ್ಟು ಹೊತ್ತು. ಆಮೇಲೆ ಅದೇ ಜನಕ್ಕೆ ಮೋಡ ಹೊಕ್ಕರೆ ಮೆಲ್ಲಗೆ ಅರ್ಧ ಸುತ್ತು ತಿರುಗಿ ಹೊರಬರುವ ಕ್ರಮವೊಂದನ್ನೇ ಕಲಿಸಿದರು. ಬಹುತೇಕ ಪ್ರತಿ ಸಲವೂ ಅವರು ಸರಿಯಾಗಿ ಹೊರಬಂದರು. ಆ ಪರೀಕ್ಷೆಯಲ್ಲಿ ಜನರನ್ನು ಉಳಿಸಿದ ಪಾಠ ಹಿಂದಿರುಗುವ ಪಾಠವೇ.

ಮೈಯನ್ನು ನಂಬದೆ ಯಂತ್ರವನ್ನು ನಂಬುವ ವಿದ್ಯೆ ಇದಕ್ಕಿಂತ ಹಳೆಯದು. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟ್ಲ್ ಎಂಬಾತ, ತನ್ನ ಆಸನಕ್ಕೆ ಮುಸುಕು ಹಾಕಿಸಿಕೊಂಡು, ಕೃತಕ ದಿಗಂತವೇ ಮೊದಲಾದ ಉಪಕರಣಗಳನ್ನಷ್ಟೇ ನೋಡಿ ವಿಮಾನವನ್ನು ಏರಿಸಿ ಇಳಿಸಿದ. ನಮ್ಮ ಬೆಂಗಳೂರಿನಲ್ಲೂ ವಾಯುಪಡೆಯವರ ವೈಮಾನಿಕ ವೈದ್ಯ ಸಂಸ್ಥೆ 1957ರಿಂದ ಇದೆ. ದಿಗ್ಭ್ರಮೆಯನ್ನು ನೆಲದ ಮೇಲೆಯೇ ಉಂಟುಮಾಡಿ ತೋರಿಸುವ ಯಂತ್ರ ಅಲ್ಲುಂಟು. ಸಂಗಮದ ಹರಿಗೋಲನ್ನು ಅದರ ಬಡ ನೆಂಟನೆಂದು ನಾನು ತಿಳಿದಿದ್ದೇನೆ.

ಆದರೆ ಯಂತ್ರವೂ ಸುಳ್ಳು ಹೇಳುವುದುಂಟು. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಏರಿದ ಏರ್ ಇಂಡಿಯಾದ ದೊಡ್ಡ ವಿಮಾನ ಎರಡು ನಿಮಿಷದೊಳಗೆ ಕತ್ತಲ ಕಡಲಿಗೆ ಬಿತ್ತು. 213 ಜನರಲ್ಲಿ ಯಾರೂ ಉಳಿಯಲಿಲ್ಲ. ಕ್ಯಾಪ್ಟನ್ನರ ಎದುರಿನ ಕೃತಕ ದಿಗಂತ ಕೆಟ್ಟು, ವಿಮಾನ ಬಲಕ್ಕೆ ವಾಲಿದೆಯೆಂದು ತೋರಿಸುತ್ತಿತ್ತು. ಅವರು ಎಡಕ್ಕೆ ವಾಲಿಸುತ್ತಾ ಹೋದರು. ಅದನ್ನು ತಿದ್ದಬಲ್ಲ ಬೇರೆ ಉಪಕರಣಗಳು ಅಲ್ಲೇ ಇದ್ದವು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಗೆ ಇಷ್ಟು ಕಠಿಣವಾದ ಭಾಷ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಸಾಕ್ಷಿ ಸಾಲದು. ಎತ್ತರದ ಮುಳ್ಳು, ವೇಗದ ಮುಳ್ಳು, ತಿರುವಿನ ಮುಳ್ಳು, ಎಲ್ಲವನ್ನೂ ಒಂದೊಂದಾಗಿ ಕೇಳಿ ತೀರ್ಪು ಕೊಡಬೇಕು. ಅದೂ ಎದೆ ಹೊಡೆದುಕೊಳ್ಳುತ್ತಿರುವಾಗ.

1999ರ ಜುಲೈ 16ರ ರಾತ್ರಿ ಅಮೆರಿಕದ ಹಿಂದಿನ ಅಧ್ಯಕ್ಷ ಕೆನೆಡಿಯವರ ಮಗ, ಮಬ್ಬು ಕವಿದ ಕಡಲ ಮೇಲೆ ತಮ್ಮ ಸಣ್ಣ ವಿಮಾನವನ್ನು ತಾವೇ ನಡೆಸುತ್ತಾ ಹೋಗಿ, ಹೆಂಡತಿ ಮತ್ತು ಆಕೆಯ ಅಕ್ಕನೊಡನೆ ಮಡಿದರು; ದಿಗ್ಭ್ರಮೆಯೇ ಕಾರಣವೆಂದು ತನಿಖೆಯವರು ಬರೆದರು. ನೆರೆಯ ಆಂಧ್ರದಲ್ಲಿ 2002ರ ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಜಿ. ಎಂ. ಸಿ. ಬಾಲಯೋಗಿಯವರಿದ್ದ ಹೆಲಿಕಾಪ್ಟರ್, ನೋಟ ಮಂಕಾದಾಗ ಇಳಿಯಲು ಹೋಗಿ ಮೀನಿನ ಕೊಳಕ್ಕೆ ಬಿತ್ತು. ಮಯನ ಸಭೆಯಲ್ಲಿ ನೀರನ್ನು ನೆಲವೆಂದುಕೊಂಡ ದುರ್ಯೋಧನ ಬಟ್ಟೆ ತೋಯಿಸಿಕೊಂಡು ಎದ್ದ; ಇವರು ಏಳಲಿಲ್ಲ.

ಇಂಥ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಮೋಡದಷ್ಟೇ ಭಯ ಮುಹೂರ್ತದ ಮೇಲೂ ಬರುತ್ತದೆ. ಎಲ್ಲೋ ಒಂದು ಸಭೆ ಕಾದಿರುತ್ತದೆ. ಒಂದು ಮದುವೆಯ ಲಗ್ನ ಕೂಡಿಬಂದಿರುತ್ತದೆ. ‘ಅಷ್ಟು ದುಡ್ಡು ಸುರಿದು’ ಎನ್ನುವ ದೊಡ್ಡಪ್ಪ ಊಟದ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಪೈಲಟ್ ಮೋಡದ ಬಾಯಿಗೆ ಬಂದಾಗ ಇವರೆಲ್ಲ ಅವನ ಬೆನ್ನ ಹಿಂದೆ ಇರುತ್ತಾರೆ. ಹಿಂದಿರುಗಬೇಕಾದವನು ಅವರೆಲ್ಲರ ಮುಖವನ್ನು ಎದುರಿಸಿ ಹಿಂದಿರುಗಬೇಕು. ಮುಂದೆ ಹೋಗುವವನಿಗೆ ಮುಖ ಮರೆಸಿಕೊಳ್ಳಲು ಮೋಡವಾದರೂ ಇದೆ.

ಮರಳಿ ಬಂದ ವಿಮಾನದ ಸುದ್ದಿಯನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಹಾಕಬೇಕೆಂದರೆ ಪುಟ ಸಾಲದು. ಪ್ರತಿ ಮಳೆಗಾಲದಲ್ಲೂ ಯಾರೋ ಒಬ್ಬರು ಯಾವುದೋ ಬೆಟ್ಟದ ನೆತ್ತಿ ಮರೆಯಾದುದನ್ನು ಕಂಡು ತಿರುಗಿ ಬರುತ್ತಿರುತ್ತಾರೆ. ಇಳಿದು, ಕಾಫಿ ಕುಡಿದು, ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾರೆ. ನನ್ನ ಸೊಸೆಯ ಪುಸ್ತಕದಲ್ಲಿ ಆ ದಿನದ ಸಾಲನ್ನು ನಾನು ಕೇಳಿ ನೋಡಿದೆ. ಹಾರಿದ ನಿಮಿಷಗಳು, ಅದರ ಮುಂದೆ ‘ಹವೆಯ ದೆಸೆಯಿಂದ ಹಿಂದಿರುಗಿದೆ’ ಎಂದಿಷ್ಟೆ. ಅದರ ಕೆಳಗೆ ಬೇರೆ ಬೇರೆ ತಾರೀಖಿನ ಇನ್ನೂ ಹನ್ನೊಂದು ಸಾಲುಗಳಿದ್ದವು.