ಬಾವುಟಗುಡ್ಡೆಯ ಆ ಒಂದು ಚಿತ್ರ

ಹೋದ ವರ್ಷ ಕತ್ರಿಗುಪ್ಪೆಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಪೇಂಟರ್ ದಿನಾ ಒಂದೇ ಮಾತು ಹೇಳುತ್ತಿದ್ದ: "ಗೋಡೆ ಪೂರ್ತಿ ಒಣಗ್ಲಿ ಅಮ್ಮಾ, ಹಸಿ ಇದ್ರೆ ಬಣ್ಣ ನಿಲ್ಲಲ್ಲ." ತಿಂಗಳ ನಂತರ ನೆಂಟರ ಮದುವೆಗೆಂದು ಮಂಗಳೂರಿಗೆ ಹೋದಾಗ, ಮಗಳು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋದಳು. ಅಲ್ಲಿ ಗೊತ್ತಾಗಿದ್ದು ಇದಕ್ಕೆ ಪೂರ್ತಿ ಉಲ್ಟಾ!

ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲಾ ಕಡೆ ಚಿತ್ರಗಳೇ. ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊದಲ್ಲಿ ಹುಟ್ಟಿದ ಆಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಿಂದ 1901ರವರೆಗೆ ಬಿಡಿಸಿದ್ದು. ಕ್ಯಾನ್ವಾಸಿನ ಮೇಲೆ ತೈಲವರ್ಣದ ಚಿತ್ರಗಳಿವೆ. ಗೋಡೆಗಳ ಮೇಲೆ ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಹಾಗಾಗಿ ಅವತ್ತು ಎಷ್ಟು ಬಿಡಿಸಬಹುದೋ ಅಷ್ಟಕ್ಕೇ ಗಾರೆ ಮೆತ್ತುವುದು. ಮಂಗಳೂರಿನ ತೇವಕ್ಕೆ ಹಾಳಾಗುತ್ತಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ಇನ್‌ಟ್ಯಾಕ್ ತಜ್ಞರು ಸರಿಪಡಿಸಿದರಂತೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಚಿತ್ರ. ಅಲೋಶಿಯಸ್ ಗೊನ್ಜಾಗ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿರುವುದು. ಶ್ರೀಮಂತ ಮನೆತನದ ಹಿರಿಮಗ. ಆಸ್ತಿ, ಅಧಿಕಾರ ಎಲ್ಲಾ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟರ ಸಂಘ ಸೇರಿದವನು. ರೋಮ್‌ನಲ್ಲಿ ರೋಗಿಗಳ ಆರೈಕೆ ಮಾಡುತ್ತಲೇ ಕಾಯಿಲೆ ಹತ್ತಿಸಿಕೊಂಡು 1591ರಲ್ಲಿ ತೀರಿಕೊಂಡ. ಆಗ ಅವನಿಗೆ ಬರೀ 23 ವರ್ಷ.

ನನ್ನ ಮಗಳು ನರ್ಸ್. 2021ರಲ್ಲಿ ಕೋವಿಡ್ ವಾರ್ಡಿಗೆ ಹಾಕಿದಾಗ ಅವಳಿಗೆ 24. "ಕೆಲಸ ಬಿಟ್ಟು ಮನೇಲಿರು, ಯಾರದೋ ಪ್ರಾಣಕ್ಕೆ ನಿನ್ನ ಪ್ರಾಣ ಯಾಕೆ ಒತ್ತೆ ಇಡ್ತೀಯಾ" ಅಂತ ಕೂಗಾಡಿದ್ದೆ. ಅವಳು ಹೊರಟೇಬಿಟ್ಟಳು. ಒಂದು ವಾರ ಅವಳ ಫೋನ್ ಎತ್ತಲಿಲ್ಲ ನಾನು. ಅವಳು ರಾತ್ರಿ ಪಾಳಿ ಮುಗಿಸಿ ಮಾಡುತ್ತಿದ್ದ ಫೋನ್ ಅದು. ಆಮೇಲೆ ಎಲ್ಲಾ ಸರಿಹೋಯಿತು, ನಿಜ. ಆದರೆ ಆ ವಾರದ ಬಗ್ಗೆ ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ.

ಆ ಚಿತ್ರ ನೋಡುತ್ತಾ ಅನ್ನಿಸಿತು, ಈ ಹುಡುಗನಿಗೂ ಒಬ್ಬ ತಾಯಿ ಇದ್ದಳಲ್ಲ. ಮಗ ಹೋದಮೇಲೂ ಬದುಕಿದ್ದಳಂತೆ. ನನಗೆ ಮಗಳು ವಾಪಸ್ ಸಿಕ್ಕಿದ್ದಳು, ಪಕ್ಕದಲ್ಲೇ ನಿಂತಿದ್ದಳು.

"ಅವತ್ತು ಫೋನ್ ಎತ್ತಬೇಕಿತ್ತು ಕಣೇ," ಅಂದೆ.

ಅವಳು ಚಾವಣಿ ನೋಡುತ್ತಲೇ ನನ್ನ ಕೈ ಹಿಡಿದುಕೊಂಡಳು. ಸ್ವಲ್ಪ ಹೊತ್ತಾದಮೇಲೆ, "ಬಾಮ್ಮಾ, ಊಟಕ್ಕೆ ಹೊತ್ತಾಯ್ತು," ಅಂದಳು.