ಹಿತ್ತಲ ದಂಡಿ ಮತ್ತು ಕರಕಿ ಬೇರು (ಭಾಗ 6)

ಫೋಟೋದಾಗಿನ ತುಳಸಿಕಟ್ಟಿಯಿಂದ ನಾಲಾದ ದಂಡಿಗೆ ಈಗ ಬರೀ ಏಳು ಹೆಜ್ಜಿ. ನಾನು ಹೈಸ್ಕೂಲಿನಾಗಿದ್ದಾಗ ನಡುವ ಒಂದು ನುಗ್ಗಿಗಿಡ ಇತ್ತು, ಅದರಾಚೆ ಬಟ್ಟೆ ಒಣಹಾಕೋ ತಂತಿ. ಎರಡೂ ನಾಲಾದ ಪಾಲಾದವು.

ನಮ್ಮ ಹಿತ್ತಲದ್ದು ಎರಿ ಮಣ್ಣು. ಬ್ಯಾಸಗಿಯಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಮೊದಲ ಜೋರು ಮಳೆ ಆ ಬಿರುಕಿನಾಗ ಇಳಿದು ದಂಡಿಯನ್ನು ಹೋಳು ಹೋಳಾಗಿ ಕೆಡವುತ್ತದೆ. ಅಪ್ಪಾಜಿ ಸೊಸೈಟಿ ಸಾಲ ತೆಗೆದು ಕಾಂಕ್ರೀಟ್ ಗೋಡೆ ಕಟ್ಟಿಸೋಣ ಅಂತಾರ. ನಾನು ಬಿಕಾಂ ಓದೋಳು, ಸಾಲ ಅಂದಕೂಡ್ಲೇ ಬಡ್ಡಿ ಲೆಕ್ಕ ಹಾಕ್ತೀನಿ. ಮ್ಯಾಲೆ ಎರಿ ಮಣ್ಣಿನಾಗ ಗೋಡೆ ಸೀಳೋದು ನೋಡಬೇಕಂದ್ರ ನಮ್ಮ ಓಣಿ ಕಂಪೌಂಡ್‌ಗಳೇ ಸಾಕು.

ಹಂಗಾಗಿ ಟರ್ಫ್ ಮ್ಯಾಟ್ ಬಗ್ಗೆ ಓದಿದೆ. ಪಾತ್ರೆ ತಿಕ್ಕೋ ಸ್ಕ್ರಬ್ಬರ್ ಇರ್ತದಲ್ಲ, ಹಂಗ ನೈಲಾನ್ ಇಲ್ಲಾ ಪಾಲಿಪ್ರೊಪಿಲೀನ್ ಎಳೆಗಳ ದಪ್ಪ ಚಾಪಿ. ಮ್ಯಾಲಿನ ತುದಿಯನ್ನ ತೆಗ್ಗು ತೋಡಿ ಹುಗಿದು, ಉಳಿದದ್ದನ್ನ ಇಳಿಜಾರಿಗೆ ಹಾಸಿ ಕಬ್ಬಿಣದ ಗೂಟ ಬಡೀಬೇಕು. ಮ್ಯಾಲಿನ ಚಾಪಿಯ ಅಂಚು ಕೆಳಗಿನದರ ಮ್ಯಾಲೆ ಬರಬೇಕು, ಹಂಚು ಹೊದಿಸಿದಂಗ. ಎಳೆಗಳ ಸಂದಿಗೆ ಮಣ್ಣು, ಹುಲ್ಲಿನ ಬೀಜ. ಬೇರು ಎಳೆಗಳಿಗೆ ಸುತ್ತಿಕೊಂಡು ಕೆಳಗಿಳಿದ ಮ್ಯಾಲೆ ನೀರು ಜೋರಾಗಿ ಹರಿದ್ರೂ ಹುಲ್ಲು ಸುಲಭಕ್ಕ ಕಿತ್ತು ಬರೋದಿಲ್ಲ. ತೆಂಗಿನ ನಾರಿನ ಚಾಪಿನೂ ಐತಿ, ಆದ್ರ ಅದು ಕೆಲವೇ ವರ್ಷದಾಗ ಕೊಳೆತು ಮಣ್ಣಾಗುತ್ತದೆ. ಸಾದಾ ಇಳಿಜಾರಿಗೆ ಅಷ್ಟು ಸಾಕು, ವರ್ಷಾ ನೀರು ಬಡಿಯೋ ನಾಲಾಕ್ಕ ಸಾಲದು.

ಹುಲ್ಲು ಯಾವುದು? "ಕರಕಿ ಹಚ್ಚು" ಅಂದ್ಳು ಅಜ್ಜಿ. ಗಣಪ್ಪಗ ಏರಿಸೋ ಅದೇ ಕರಕಿ. ಹೊಲದಾಗ ಹೊಕ್ಕರ ರೈತರು ಬೈಯ್ತಾರ, ಕಿತ್ತಷ್ಟೂ ಚಿಗುರುತ್ತದೆ. ನಮಗ ಬೇಕಾದದ್ದು ಆ ಹಟಮಾರಿತನಾನ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಬದುವಿಗೆ ಲಾವಂಚ ಹಚ್ಚಿಕೊಂಡು ಬಂದಾರ, ಯಾವ ಚಾಪಿನೂ ಇಲ್ಲದ. ಲಾವಂಚದ ಬೇರು 3 ಮೀಟರ್ ತನಕ ಇಳಿಯಬಲ್ಲದು. ಮಣ್ಣು ಹಿಡಿಯೋದು ಬೇರು, ಚಾಪಿ ಬೇರಿಗೆ ಆಸರೆ ಅಷ್ಟೇ.

ತೊಡಕು ಬ್ಯಾರೇನ ಐತಿ. ನಮ್ಮ ದಂಡಿ ಈಗ ಗೋಡೆಯಂಗ ನೆಟ್ಟಗ ನಿಂತೈತಿ, ಬುಡ ಒಳಗ ಕೊರೆದೈತಿ. ಅಂಥಾದರ ಮ್ಯಾಲೆ ಚಾಪಿ ಹಾಸಿದ್ರ ಚಾಪಿ ಸಮೇತ ಕುಸಿಯುತ್ತದೆ. ಬುಡಕ್ಕ ಕಲ್ಲು ಪೇರಿಸಿ, ದಂಡಿಯನ್ನ ಇಳಿಜಾರು ಮಾಡಬೇಕು. ಅಂದ್ರ ಉಳಿದ ಏಳು ಹೆಜ್ಜ್ಯಾಗ ಮೂರು ನಾವೇ ಕಡಿದು ಕೊಡಬೇಕು. ಅಪ್ಪಾಜಿ ಇಲ್ಲೇ ಸಿಟ್ಟಾಗ್ತಾರ: "ನಾಲಾ ತಿಂದದ್ದು ಸಾಲಲಿಲ್ಲೇನು, ಕೈಯಾರೆ ಬ್ಯಾರೆ ಕೊಡೋದಾ?" ಮೂರು ಕೊಟ್ಟು ನಾಲ್ಕು ಉಳಿಸ್ಕೊಳ್ಳೋದೇ ನನಗ ಸರಿ ಅನಸ್ತದ. ಅವರ ಪಾಲಿಗೆ ಅದು ಅವರಪ್ಪ ಕೊಂಡ ಜಾಗ.

ಮುಂಗಾರಿಗೆ ಮುಂಚೆ ಕರಕಿ ಬೇರು ಬಿಟ್ಟಿರಬೇಕು. ಅಲ್ಲೀತನಕ ದಿನಾ ನೀರು ಹಾಕಿ, ಓಣಿಯ ಆಡುಗಳನ್ನ ಓಡಿಸೋರು ಬೇಕು. ಈ ಕೆಲಸ ಯಾವ ಕೊಟೇಶನ್‌ನಾಗೂ ಬರೆದಿರೋದಿಲ್ಲ. ಅಜ್ಜಿ ಒಪ್ಪ್ಯಾಳ, ಕೋಲು ಸೈತ ತಂದು ಬಾಗಲ ಹಿಂದ ಇಟ್ಟಾಳ. ಅಪ್ಪಾಜಿ ಇನ್ನೂ ಹೂಂ ಅಂದಿಲ್ಲ.